ಮೂರು ಕಾಲಿನ ಕುದುರೆ

ಹೊಸ ಮನೆಯ ಅಡುಗೆಕಟ್ಟೆಯಿಂದ (ಮೇಜು ಇನ್ನೂ ಬಂದಿಲ್ಲ!)
ಮಾರ್ಚ್ ೯, ಭಾನುವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಡ್ರೈವಿಂಗ್ ಕಲಿಯಲು ಬರುವವರ ಪರವಾಗಿ ಬ್ರೇಕ್ ಒತ್ತಿ ಒತ್ತಿ ಬಂದ ಮೊಣಕಾಲು ನೋವು ಕಡಿಮೆಯಾಯಿತೇ? ಅಮ್ಮ ಕೊಟ್ಟ ಎಣ್ಣೆ ಹಚ್ಚು, ಹಠ ಮಾಡಬೇಡ. ನಾನಂತೂ ಹಾಲು ಉಕ್ಕಿದ್ದೂ ಗೊತ್ತಾಗದಷ್ಟು ಖುಷಿಯಲ್ಲಿದ್ದೇನೆ. ಆದರೆ ನಮ್ಮ ಕೆಂಪು ಕಾರನ್ನು ನೀನು ಯಾರಿಗೋ ಕೊಟ್ಟುಬಿಡುತ್ತೀಯಂತೆ, "ಅವಳೇ ಹೋದ್ಮೇಲೆ ಅದರ ಎಂಜಿನ್ ಕೂಗು ಯಾರಿಗೆ ಬೇಕು" ಅಂದೆಯಂತೆ. ಅಮ್ಮ ಫೋನಿನಲ್ಲಿ ಹೇಳಿದ ಕೂಡಲೇ ಈ ಕಾಗದ ಬರೆಯಲು ಕೂತೆ.

ನೆನಪಿದೆಯಾ, ಮದುವೆ ಮಾತುಕತೆಯ ದಿನ ಇವರು, "ನಿಮ್ಮ ಕೆಂಪು ಕಾರಿನ ಹೊಸ ಮಾದರಿಗೆ ಎಂಜಿನ್ ರೂಪಿಸುವ ತಂಡದಲ್ಲಿದ್ದೇನೆ, ಅದಕ್ಕೆ ಮೂರೇ ಸಿಲಿಂಡರ್" ಎಂದಿದ್ದರು. ನೀನು "ಮೂರು ಕಾಲಿನ ಕುದುರೆ ಕಟ್ಟೋನಿಗೆ ಮಗಳನ್ನ ಕೊಡ್ತಿದ್ದೀನಲ್ಲಪ್ಪ" ಅಂದೆ. ಎಲ್ಲರೂ ನಕ್ಕರು, ಇವರು ಮಾತ್ರ ಇನ್ನೂ ನಿನಗೆ ಹೆದರುತ್ತಾರೆ.

ಅಪ್ಪಾ, ನಿನ್ನೆ ಆ ಕುದುರೆಯನ್ನು ಓಡಿಸಿದೆ! ನಿನ್ನದು ನಾಲ್ಕು ಸಿಲಿಂಡರಿನದು, ತಾನೇ ಗಾಳಿ ಎಳೆದುಕೊಂಡು, ಮೀಟರಿನ ಮುಳ್ಳು ಮೇಲೇರಿದಷ್ಟೂ ಹುರುಪೇರಿ ಕೊನೆಗೆ ಕೂಗುತ್ತದೆ. ಇದಕ್ಕೆ ಟರ್ಬೊ. ಹೊರಬಿಟ್ಟ ಬಿಸಿ ಹೊಗೆಯಿಂದಲೇ ಪುಟ್ಟ ಚಕ್ರ ತಿರುಗಿಸಿ ಹೊಸ ಗಾಳಿಯನ್ನು ಒಳಗೆ ತುರುಕುತ್ತದೆ. ನಿಟ್ಟುಸಿರನ್ನೂ ದಂಡ ಮಾಡದ ಸಂಸಾರಸ್ಥೆ! ಕಾಲು ಒತ್ತಿದೆನೋ ಇಲ್ಲವೋ, ಬೆನ್ನಿಗೆ ಗುದ್ದು. ಭಾರವಿಲ್ಲದಾಗ ಒಂದು ಸಿಲಿಂಡರ್ ಮಲಗಿಯೇಬಿಡುತ್ತದೆ, ಥೇಟ್ ಭಾನುವಾರದ ನಿನ್ನ ಅಳಿಯನ ಹಾಗೆ. "ಕೂಗೋವರೆಗೂ ಗೇರ್ ಬದಲಿಸಬೇಡ ಪುಟ್ಟಿ" ಎಂಬ ನಿನ್ನ ಪಾಠದಂತೆ ನಾನು ಎರಡನೇ ಗೇರಿನಲ್ಲೇ ಕಾದೆ, ಕಾದೆ. ಎಂಜಿನ್ ಬಿಕ್ಕಳಿಸಿತು. ಇವರು ತಲೆ ಹಿಡಿದುಕೊಂಡು, "ಅಯ್ಯೋ ತಾಯಿ, ಅದು ಕೊಡೋದೆಲ್ಲ ಆಗಲೇ ಕೊಟ್ಟಾಯ್ತು, ಇನ್ನೇನು ಹಿಂಡ್ತಿದ್ದೀಯಾ?" ಅಂದರು. ನಕ್ಕು ನಕ್ಕು ಕಾರು ಪಕ್ಕಕ್ಕೆ ನಿಲ್ಲಿಸಬೇಕಾಯಿತು. ಎಷ್ಟು ಜಾಣ ಎಂಜಿನ್ ಅಪ್ಪಾ! ಕಟ್ಟಿದವರೂ ಅಷ್ಟೇ ಜಾಣರು (ಇದನ್ನು ಅವರಿಗೆ ಹೇಳಬೇಡ).

ಅಮ್ಮನಿಗೊಂದು ಮುತ್ತು, ನಿನ್ನ ಮೊಣಕಾಲಿಗೆ ಎರಡು.

ನಿನ್ನ ಪುಟ್ಟಿ

ತಡಿ, ಲಕೋಟೆ ಅಂಟಿಸುವ ಮೊದಲು: ಇವರು ಎದ್ದು ಬಂದು ಬೆನ್ನ ಹಿಂದೆ ನಿಂತು ಎಲ್ಲ ಓದಿದರು. ಹೊಸ ಕಾರಿನೊಳಗೆ ಕೇಳುವ ಎಂಜಿನ್ ಗರ್ಜನೆಯಲ್ಲಿ ಅರ್ಧ ಸ್ಪೀಕರಿನಿಂದ ಬರುವ ನಕಲಿ ಸದ್ದಂತೆ! "ನಿಜವಾದ ಕೂಗನ್ನ ನಾನು ಪಕ್ಕದಲ್ಲಿ ಕೂತು ಕೇಳೇ ಇಲ್ಲ. ಆ ಕಾರು ನಮಗಿರಲಿ ಅಂತ ನೀನೇ ಕೇಳೇ, ನಂಗೆ ಭಯ" ಅನ್ನುತ್ತಿದ್ದಾರೆ. ಶನಿವಾರ ಬರುತ್ತೇವೆ. ಅಲ್ಲಿಯವರೆಗೆ ಯಾರಿಗೂ ಕೀಲಿ ಕೊಡಬೇಡ. ನೀನು ಓಡಿಸು, ಇವರು ಪಕ್ಕದಲ್ಲಿ ಕೂರಲಿ. ಕೂಗೋವರೆಗೂ ಗೇರ್ ಬದಲಿಸಬೇಡ.