ಧನಿಗಳು ಬಾಯಿತಪ್ಪಿ ಹೊತ್ತ ಹರಕೆ

ಅಕ್ಕಾ,

ನಾನು ಹರಕೆಯ ಕುಣಿತಕ್ಕೆ ಸೇರಿರುವ ಗುಡಿಗೆ ಇವತ್ತು ಫುಟ್‌ಬಾಲ್ ತಂಡದ ಧನಿ ಥಾವೊನ್ ಬಂದಿದ್ದರು! ತಂಡ ಕೆಳದರ್ಜೆಗೆ ಬೀಳದೆ ಉಳಿಯಿತೆಂದು ನಮ್ಮನ್ನು ಕುಣಿಸಿ ಹರಕೆ ತೀರಿಸುವವರಿದ್ದರು.

“ಬೇಡಿಕೊಂಡಾಗ ‘ಕುಣಿಸ್ತೀನಿ’ ಅಂದ್ರಾ, ‘ಕುಣೀತೀನಿ’ ಅಂದ್ರಾ?” ಎಂದು ನಮ್ಮ ಗುರು ಸಮ್ಲಿ ಅತ್ತೆ ಕೇಳಿದರು.

“ಗಾಬರೀಲಿ ‘ಕುಣೀತೀನಿ’ ಅಂದ್ಬಿಟ್ಟೆ, ಅತ್ತೆ.”

“ಹಾಗಾದ್ರೆ ನೀವೇ ಕುಣೀರಿ. ತಪ್ಪಿಸಿದ್ರೆ ಮುಂದಿನ ವರ್ಷ ತಂಡ ಬಿದ್ದೇ ಬೀಳತ್ತೆ.”

ಧನಿಗಳು ನಮ್ಮಂತೆಯೇ ಬಂಗಾರದ ಬಣ್ಣದ ಕಿರೀಟ ತೊಟ್ಟು ನನ್ನ ಪಕ್ಕದಲ್ಲೇ ನಿಂತರು. ಅವರ ಜೊತೆ ಬಂದಿದ್ದ ಆಟಗಾರರೆಲ್ಲ ಸಿಳ್ಳೆ ಹೊಡೆದರು. ಬಾಯೇ ಬಿಡದ ನಾನು, “ಮಂಡಿ ಬಗ್ಸಿ, ಧನಿಗಳೇ!” ಎಂದು ಕೂಗಿಬಿಟ್ಟೆ. ಬಗ್ಗಿಸಿದರು!

ಕುಣಿದು ಬೆವರಿದ ಮೇಲೆ ಮುಂದಿನ ವರ್ಷದ ಕಪ್‌ಗೆ ಹೊಸ ಹರಕೆ ಹೊತ್ತರು. ಎಲ್ಲರೂ ಕಿವಿಗೊಟ್ಟೆವು. ನನ್ನತ್ತ ನೋಡಿ ನಕ್ಕು, ಗಟ್ಟಿಯಾಗಿ “ಕುಣೀತೀನಿ” ಅಂದರು.

ಕಾಲಿನ ಗುಳ್ಳೆ ಒಣಗಿದೆ, ಅಮ್ಮನಿಗೆ ಹೇಳು. ಮದ್ದಳೆ ಶುರುವಾಯಿತು, ಓಡುತ್ತೇನೆ.

ನಿನ್ನ ಬುವಾ