ಎಲೆಯ ಪಕ್ಕದ ಬಾಟ್ಲಿ

ಅನುಷ್ಕಾಳ ಅಪ್ಪನಿಗೆ,

ಇವತ್ತು ನಿಮ್ಮ ಪರಿಹಾರದ ಕೇಸು ಇತ್ತು. ದೇರೆಬೈಲಿನ ಕಟ್ಟಡದಿಂದ ನೀವು ಬಿದ್ದದ್ದು ಕೆಲಸಕ್ಕೆ ನಿಂತ ಹಲಗೆ ಮುರಿದು ಅಲ್ಲ, ಕುಡಿದ ಅಮಲಿನಲ್ಲಿ ಎಂದರು ಬಿಲ್ಡರನ ವಕೀಲರು. ಸಾಕ್ಷಿಗೆ ಒಂದು ಫೋಟೋ ತೋರಿಸಿದರು. ನಿಮ್ಮ ಬೊಜ್ಜದ ದಿನ, ಉತ್ತರಕ್ರಿಯೆಯಲ್ಲಿ, ನಿಮಗೆಂದು ಬಡಿಸಿದ ಬಾಳೆಲೆ, ಅದರಲ್ಲಿ ಕೋಳಿ ಸುಕ್ಕ, ಪಕ್ಕದಲ್ಲಿ ಬ್ರಾಂಡಿ ಬಾಟ್ಲಿ.

“ಕುಡಿಯದವರಿಗೆ ಇದನ್ನು ಯಾಕಮ್ಮ ಇಟ್ಟದ್ದು?” ಎಂದು ಆ ವಕೀಲರು ನನ್ನನ್ನು ಕೇಳಿದರು.

ಸತ್ತ ಗಂಡಸರಿಗೆಲ್ಲ ಇಡುವುದು ನಮ್ಮ ಕ್ರಮ ಎಂದೆ. ಹೇಳುವಾಗ ನನಗೇ ಅದು ಸುಳ್ಳಿನ ಹಾಗೆ ಕೇಳಿಸಿತು. ನೀವೋ, ಅದರ ವಾಸನೆಗೇ ಮುಖ ತಿರುಗಿಸುತ್ತಿದ್ದವರು.

ಆದರೆ ಆ ಫೋಟೋ ತೆಗೆದವರು ಯಾರು? ನೀವು ಬಂದು ಉಣ್ಣಲಿ ಎಂದು ಬಡಿಸಿದ ಕೂಡಲೇ ನಾವೆಲ್ಲ ಹೊರಗೆ ನಿಂತಿದ್ದೆವು. ಎಲ್ಲರಿಗಿಂತ ಕೊನೆಗೆ ಹೊರಗೆ ಬಂದು ಬಾಗಿಲೆಳೆದವರು ನಿಮ್ಮ ಅಣ್ಣ, ಚೆನ್ನಪ್ಪ ಭಾವ. ಈಗ ಅದೇ ಬಿಲ್ಡರನ ಕೆಲಸಕ್ಕೆ ಜಲ್ಲಿ ಹಾಕುವುದು ಅವರ ಲಾರಿ.

ಕೋರ್ಟಿನ ಮೆಟ್ಟಿಲು ಇಳಿಯುವಾಗ ಭಾವನನ್ನು ಕೇಳಿಯೇ ಬಿಟ್ಟೆ.

“ಎಂತ ಕುಶಲಾ, ನನ್ನ ಮೇಲೆಯೇ ಸಂಶಯವಾ? ಆ ದಿನ ಮನೆ ತುಂಬ ಜನ ಇರಲಿಲ್ವಾ?” ಎಂದರು.

ಜನ ಇದ್ದರು, ನಿಜ. ಅವರೆದುರೇ ನಾನು ನಿಮ್ಮ ಎಲೆಗೆ ಬ್ರಾಂಡಿ ಬೇಡ, ಎಳನೀರು ಸಾಕು ಎಂದಿದ್ದೆ. ಕ್ರಮ ತಪ್ಪಬಾರದು ಎಂದು ಆ ಬಾಟ್ಲಿ ತಂದು ನನ್ನ ಕೈಗೆ ಕೊಟ್ಟದ್ದೂ ಭಾವನೇ.