ಹಸೆ ಬರೆದವಳನ್ನು ಕೇಳದೆ ಬರೆದ ಟಿಪ್ಪಣಿ

ಹಾಳು ಮನೆಗಳ ವಿಲೇವಾರಿ ನೋಡಿಕೊಳ್ಳುವ ಅಧಿಕಾರಿಗಳಿಗೆ,

ಮಾನ್ಯರೇ, ಸಿದ್ದಾಪುರದ ದಾರಿಯಲ್ಲಿರುವ ಚೌಡಮ್ಮನ ಮನೆಯನ್ನು ‘ವಾರಸುದಾರರಿಲ್ಲದ ಮನೆ’ ಎಂದು ತೀರ್ಮಾನಿಸಿ, ಬರುವ ತಿಂಗಳು ಕೆಡವಿ ಗೋದಾಮು ಕಟ್ಟಲು ಹೊರಟಿದ್ದೀರಿ. ಅದಕ್ಕೆ ನಿಮ್ಮ ಬಳಿ ಇರುವ ಆಧಾರ ಒಂದೇ, ಶಿರಸಿಯ ಒಬ್ಬ ನಿವೃತ್ತ ಮಾಸ್ತರ ಬರೆದುಕೊಟ್ಟ ಟಿಪ್ಪಣಿ. ಆ ಮಾಸ್ತರ ನಾನೇ. ಟಿಪ್ಪಣಿ ಸುಳ್ಳು. ಇದನ್ನು ಕಚೇರಿಗೆ ಬಂದು ಹೇಳಿದಾಗ ನಿಮ್ಮ ಗುಮಾಸ್ತರು ನಕ್ಕು, ಬರೆದದ್ದು ಬರೆದಾಯಿತು ಎಂದರು. ಆದ್ದರಿಂದ ಪತ್ರಿಕೆಯಲ್ಲಿ, ನಾಲ್ಕು ಜನರ ಮುಂದೆ ಹೇಳುತ್ತಿದ್ದೇನೆ.

ಹಳೆಯ ಮನೆ ಹೊಗುವುದು ನನ್ನ ಚಟ. ಇಸಳೂರಿನಿಂದ ಇಡಗುಂದಿಯವರೆಗೆ ಬಾಗಿಲು ಮುರಿದ ಮನೆ ಎಲ್ಲಿದ್ದರೂ ಟೇಪು ಹಿಡಿದು ಹೋಗುತ್ತೇನೆ. ಕಂಬ ಎಣಿಸುತ್ತೇನೆ, ತೊಲೆಯ ಕೆತ್ತನೆ ಬರೆದುಕೊಳ್ಳುತ್ತೇನೆ, ಇತಿಹಾಸ ಉಳಿಸುತ್ತಿದ್ದೇನೆಂದು ಬೀಗುತ್ತೇನೆ. ನೀವು ನನ್ನ ಟಿಪ್ಪಣಿ ಪುಸ್ತಕ ಕೇಳಿ ಕಳಿಸಿದಾಗ, ಸರ್ಕಾರ ಕೊನೆಗೂ ಕಣ್ಣು ಬಿಟ್ಟಿತೆಂದು ಹಿಗ್ಗಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಂದುಕೊಟ್ಟೆ.

ಹೋದ ವರ್ಷ ಮಾಗಿಯಲ್ಲಿ ಆ ಮನೆಗೆ ಹೋಗಿದ್ದೆ. ಒಳಗೋಡೆಯ ಮೇಲೆ ಹಸೆ ಇತ್ತು. ಮದುವೆಗೆಂದು ಹೆಂಗಸರು ಗೋಡೆಗೆ ಕೆಮ್ಮಣ್ಣು ಬಳಿದು, ಪುಂಡಿ ನಾರಿನ ಕುಂಚದಿಂದ ಬರೆಯುವ ಚಿತ್ತಾರ. ಅಕ್ಕಿಹಿಟ್ಟಿನ ಬಿಳಿ ಬೆರಳಿಗೆ ಅಂಟಿತು. ಪಂಚೆಗೆ ಒರೆಸಿಕೊಂಡು, ‘ನೂರು ವರ್ಷ ಹಳೆಯದು, ವಂಶ ಅಳಿದಿದೆ’ ಎಂದು ಬರೆದೆ. ಹಿತ್ತಲ ಗುಡಿಸಲಿನಿಂದ ಒಬ್ಬ ಹೆಂಗಸು ಬೆಲ್ಲ, ನೀರು ತಂದಿಟ್ಟು ಕೂರಲು ಹೇಳಿದಳು. ಬಾಯಾರಿಕೆಯಿಲ್ಲ ಎಂದೆ. ಮೂರು ಮೈಲಿ ನಡೆದು ಗಂಟಲು ಒಣಗಿತ್ತು. ಆದರೂ ಯಾಕೆ ಕುಡಿಯಲಿಲ್ಲ ಎಂಬುದು ನಿಮಗೂ ಗೊತ್ತು. ನಾನು ಅಯ್ಯನವರ ಮನೆತನದವನು. ಮೇಲು ಕೀಳು ಇಲ್ಲವೆಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು. ಕುಡಿದಿದ್ದರೆ ಕೂರಬೇಕಿತ್ತು, ಕೂತಿದ್ದರೆ ಮಾತು ಬರುತ್ತಿತ್ತು. ಯಾರೋ ಕೂಲಿಯವಳು ಎಂದುಕೊಂಡು, ಬಸ್ಸಿನ ಹೊತ್ತು ಕೇಳಿ ಹೊರಟೆ.

ಕಳೆದ ವಾರ ಅದೇ ಹೆಂಗಸು, ಟೇಪು ಹಿಡಿದು ಬಂದಿದ್ದ ಮಾಸ್ತರ ಯಾರೆಂದು ವಿಚಾರಿಸುತ್ತ ನನ್ನ ಮನೆಗೆ ಬಂದಳು. ನೀವು ಬಾಗಿಲಿಗೆ ಅಂಟಿಸಿದ ನೋಟೀಸನ್ನು ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಅವಳಿಗೆ ಓದು ಬಾರದು. ನನ್ನದೇ ವಾಕ್ಯವನ್ನು ನಾನೇ ಓದಿ ಹೇಳಿದೆ. ಆ ಹೆಂಗಸೇ ಚೌಡಮ್ಮ. ಕೇಳಿ ಮುಗಿದ ಮೇಲೆ ಅವಳು, ‘ಆ ಹಸೆ ನಾನೇ ಬರ್ದದ್ದು ಮಾಸ್ತರೆ. ನೀವು ಬರೋ ಮುಂಚಿನ ಬ್ಯಾಸಿಗೆಲಿ, ಮಗನ ಮದುವೆಗೆ’ ಎಂದಳು. ‘ನೀವು ಗ್ವಾಡೆ ನೋಡಿದ್ರಿ. ನಾ ಅಲ್ಲೇ ನಿಂತಿದ್ದೆ. ಒಂದು ಮಾತು ಕೇಳಿದ್ರೆ ಹೇಳ್ತಿರ್ಲಿಲ್ವಾ?’

ಮಾನ್ಯರೇ, ನಾಚುತ್ತ ಆಗ ಕೇಳಿದೆ, ಅವಳು ಹೇಳಿದಳು. ಅವಳ ಮಾವ ಕರನಿರಾಕರಣೆಯಲ್ಲಿ ಭೂಕಂದಾಯ ಕೊಡದೆ ಸೆರೆಗೆ ಹೋಗಿ, ಅಲ್ಲೇ ತೀರಿಕೊಂಡವನು. ಜಪ್ತಿಯಾದ ಮನೆಯನ್ನು ಬ್ರಿಟಿಷರು ಲಿಲಾವು ಕೂಗಿದಾಗ ಊರಿನಲ್ಲಿ ಒಬ್ಬನೂ ಸವಾಲು ಹಾಕಲಿಲ್ಲವಂತೆ. ಮನೆ ಮರಳಿ ಬಂದರೂ, ಗಂಡ ಬಾರದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವೆಂದು ಅತ್ತೆ ಹಿತ್ತಲ ಗುಡಿಸಲಿನಲ್ಲೇ ಉಳಿದಳು, ಮನೆಯವರೂ ಅಲ್ಲೇ ಉಳಿದರು. ಆದರೆ ಮನೆಯ ಪ್ರತಿ ಮದುವೆಯ ಹಸೆಯನ್ನು ಆ ಗೋಡೆಗೇ ಬರೆಯುತ್ತಾರೆ, ಸತ್ತ ಯಜಮಾನನಿಗೂ ಸುದ್ದಿ ಮುಟ್ಟಲಿ ಎಂದು. ಈ ವೈಶಾಖದಲ್ಲಿ ಮಗಳು ತಿಮ್ಮಿಯ ಮದುವೆ. ಕೆಮ್ಮಣ್ಣು ತಂದಿಟ್ಟಾಗಿದೆ, ಗೋಡೆ ಉಳಿಯುವುದೋ ಇಲ್ಲವೋ ಗೊತ್ತಿಲ್ಲ.

ಬ್ರಿಟಿಷರಿಂದ ಆಗದ್ದನ್ನು ಸ್ವತಂತ್ರ ಸರ್ಕಾರ ಮಾಡಿ ಮುಗಿಸುತ್ತಿದೆ, ನನ್ನ ಸಹಾಯದಿಂದ! ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಏಳು ವರ್ಷವಾಯಿತು. ಹಿತ್ತಲಲ್ಲಿ ಹೊಗೆಯಾಡುವ ಗುಡಿಸಲನ್ನು ನೋಡಲು ಯಾವ ರಾಜ್ಯದ ಕಣ್ಣು ಬೇಕು? ನಾನಾದರೂ ಬಿಟ್ಟಿ ಹವ್ಯಾಸಿ. ಸಂಬಳ ಪಡೆಯುವ ನಿಮ್ಮ ಸಿಬ್ಬಂದಿ ನೋಟೀಸು ಅಂಟಿಸುವಾಗ ಅವಳು ಅಂಗಳದಲ್ಲೇ ಇದ್ದಳಂತೆ. ಅವರೂ ನನ್ನ ಹಾಗೆಯೇ ಅವಳನ್ನು ದಾಟಿ ಹೋದರು.

ನೋಟೀಸು ರದ್ದು ಮಾಡಿ. ನನ್ನ ಟಿಪ್ಪಣಿಯನ್ನು ಕಡತದಿಂದ ಕಿತ್ತುಹಾಕಿ, ಅಲ್ಲಿ ಚೌಡಮ್ಮನ ಹೇಳಿಕೆ ಇಡಿ. ಅದನ್ನು ಬರೆದುಕೊಳ್ಳಲು ನಿಮ್ಮವರು ಅವಳ ಜಗಲಿಗೆ ಹೋಗಿ ಕೂರಲಿ, ಕೊಟ್ಟ ನೀರು ಕುಡಿಯಲಿ. ಉಳಿದ ಯಾವ ಮನೆಯನ್ನೂ ನನ್ನ ಮಾತು ನಂಬಿ ಮುಟ್ಟಬೇಡಿ. ನಾನು ಕೊಟ್ಟ ಪುಸ್ತಕದಲ್ಲಿ ಇನ್ನೂ ಮೂವತ್ತು ಮನೆಗಳಿವೆ. ಅಲ್ಲಿಯೂ ನಾನು ಯಾರನ್ನೂ ಕೇಳಿಲ್ಲ.

ಇಂತಿ,
ನಿಮ್ಮ ಕಡತದ ಏಕೈಕ ಸಾಕ್ಷಿ, ನಂಬಲು ಅರ್ಹನಲ್ಲದ
ಕಲ್ಲಯ್ಯ ಮಾಸ್ತರ, ಶಿರಸಿ